ಮುಂಬೈ ಫ್ಲ್ಯಾಟಿಗೆ ಟ್ರೆಡ್‌ಮಿಲ್ ತರುವ ಮೊದಲು

ಮುಂಬೈಗೆ ಹೊಸದಾಗಿ ಬಂದವರಿಗೆ ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಬಾಡಿಗೆ ಮನೆಯಾದರೆ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಅದರ ನೋಂದಣಿ, ಪೊಲೀಸ್ ಠಾಣೆಗೆ ಮಾಹಿತಿ, ಸೊಸೈಟಿಯ, ಅಂದರೆ ಕಟ್ಟಡದವರ ಸಂಘದ, ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ). ಎಲ್ಲ ಏಜೆಂಟ್ ಮಾಡಿಸಿಕೊಡುತ್ತಾನೆ. ಟ್ರೆಡ್‌ಮಿಲ್ ಬರುವ ದಿನ ಸೆಕ್ರೆಟರಿಗೆ ಒಂದು ಮಾತು ಹೇಳಿ, ಲಿಫ್ಟಿನ ಬಾಗಿಲು ಅಳೆದಿಟ್ಟುಕೊಳ್ಳಿ. ಮುಗಿಯಿತು. ನಾನು ಬರೆಯಲು ಕೂತಿದ್ದು ಸದ್ದಿನ ಬಗ್ಗೆ.

ನಮ್ಮದು ಮುಲುಂಡಿನಲ್ಲಿ ಏಳು ಮಹಡಿಯ ಹಳೇ ಕಟ್ಟಡ. ನಾವಿರುವುದು ಮೂರನೇ ಮಹಡಿಯಲ್ಲಿ. ಶಿವಮೊಗ್ಗದ ಸಾಗರದ ಕಡೆಯವಳಾದ ನನಗೆ ಮಳೆ ಹೊಸದೇನಲ್ಲ. ಆದರೆ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುವುದು ಬೇರೆ, ಮ್ಯಾನ್‌ಹೋಲ್ ಎಲ್ಲಿದೆ ಅಂತ ಕಾಣದ ನೀರಿನಲ್ಲಿ ವಾಕಿಂಗ್ ಹೋಗುವುದು ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಅವತ್ತು ನಮ್ಮ ಯಜಮಾನರು ದಾದರ್‌ನಿಂದ ಮನೆಗೆ ನಡೆದೇ ಬಂದಿದ್ದರು. ಬಂದು ಚಪ್ಪಲಿ ಇಲ್ಲದ ಕಾಲು ತೋರಿಸಿದರು. ಮಳೆಗಾಲದಲ್ಲಿ ಸುಮ್ನೆ ಹೊರಗೆ ಕಾಲಿಡುವ ಧೈರ್ಯ ಅಲ್ಲಿಗೇ ಹೋಯಿತು. ಮುಂದೆ ನನಗೆ ಸಕ್ಕರೆ ಕಾಣಿಸಿಕೊಂಡಿತು. ಡಾಕ್ಟರ್ ದಿನಾ ಬೆವರು ಬರಬೇಕು ಅಂದರು. ಟ್ರೆಡ್‌ಮಿಲ್ ಬಂತು.

ಅದನ್ನು ಹೊತ್ತು ತಂದ ದಿನ ವಾಚ್‌ಮನ್‌ನನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ, ನಮ್ಮ ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಅಂತ. ಅವನು ಮರಾಠಿಯಲ್ಲಿ ಹೇಳಿದ, 'ಖಾಲೀ ಆಜೀ ಅಸ್ತಾತ್.' ನನ್ನ ಕಿವಿಗೆ ಬಿದ್ದಿದ್ದು 'ಖಾಲಿ', ಮತ್ತೆ 'ಆಜ್'. ಓಹೋ, ಮನೆ ಸದ್ಯಕ್ಕೆ ಖಾಲಿ ಇದೆ! ಎಷ್ಟು ಖುಷಿಯಾಯಿತು ಅಂತೀರಿ. ಹೊಸಬರೇ, ಬರೆದಿಟ್ಟುಕೊಳ್ಳಿ. ಮರಾಠಿಯಲ್ಲಿ 'ಖಾಲೀ' ಅಂದರೆ ಕೆಳಗೆ. ನಮ್ಮ ಖಾಲಿಗೆ ಅವರು 'ರಿಕಾಮಾ' ಅನ್ನುತ್ತಾರೆ. 'ಆಜೀ' ಅಂದರೆ ನಮ್ಮ ಅಜ್ಜಿಯೇ.

ಮೂರು ತಿಂಗಳು, ದಿನಾ ಬೆಳಗ್ಗೆ ಐದಕ್ಕೆ, ಆ ಅಜ್ಜಿಯ ತಲೆಯ ಮೇಲೆ ಓಡಿದೆ.

ಗಣಪತಿ ಹಬ್ಬದ ದಿನ ಬಾಗಿಲು ತೆರೆದರೆ ಎಂಬತ್ತರ ಹತ್ತಿರದ ಒಬ್ಬರು, ಕೈಯಲ್ಲಿ ಮೋದಕದ ಡಬ್ಬಿ. ಕೂತು ನೀರು ಕುಡಿದರು. ಆಮೇಲೆ ಮೆಲ್ಲಗೆ ಕೇಳಿದರು, 'ಬಾಳ, ತೂ ರೋಜ್ ಸಕಾಳೀ ಕಾಯ್ ಕುಟ್ತೇಸ್?' ದಿನಾ ಬೆಳಗ್ಗೆ ಏನು ಕುಟ್ಟುತ್ತೀಯಮ್ಮಾ ಅಂತ. ಮದ್ರಾಸ್ ಕಡೆಯವರು ಬೆಳಗಾಗೆದ್ದು ಚಟ್ನಿಪುಡಿ ಕುಟ್ಟುತ್ತಾರೆ ಅಂದುಕೊಂಡು ಮೂರು ತಿಂಗಳು ಸುಮ್ಮನಿದ್ದರಂತೆ. ನಾವು ಮದ್ರಾಸಿನವರಲ್ಲ ಅಂತ ತಿದ್ದುವ ಮುಖ ನನಗೆಲ್ಲಿತ್ತು? ಹಾಲ್‌ನ ನಡುವೆ ಆ ಕಪ್ಪು ಯಂತ್ರ ನಿಂತಿತ್ತು. ಅವರೂ ನೋಡಿದರು, ನಾನೂ ನೋಡಿದೆ.

ಕೆಳಗೆ ಕರೆದುಕೊಂಡು ಹೋದರು. ಯಜಮಾನರನ್ನು ಮೇಲೆ ಓಡಲು ಹೇಳಿ ನಾನು ಆಜಿಯ ಮಂಚದ ಮೇಲೆ ಕೂತೆ. ಧಬ್, ಧಬ್, ಧಬ್. ನಮ್ಮ ನೆಲ, ಅವರ ಚಾವಣಿ, ಎರಡೂ ಒಂದೇ ಕಾಂಕ್ರೀಟ್ ಸ್ಲ್ಯಾಬ್; ಅದಕ್ಕೆ ತೂಗಿದ್ದ ಫ್ಯಾನಿನ ಬಟ್ಟಲು ಕಟಕಟ ಅನ್ನುತ್ತಿತ್ತು. ಶೋಕೇಸಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಆಶ್ಚರ್ಯ ಅಂದರೆ, ನಮ್ಮನೆಯಲ್ಲಿ ಕಿವಿ ತುಂಬುವ ಮೋಟಾರಿನ ಗುಂಯ್ ಸದ್ದು ಅಲ್ಲಿ ಇಲ್ಲವೇ ಇಲ್ಲ.

ಎಲ್ಲದರ ಗುಟ್ಟು ಇಲ್ಲೇ ಇದೆ. ಮೋಟಾರಿನ ಸದ್ದು ಗಾಳಿಯಲ್ಲಿ ಹೋಗುತ್ತದೆ, ಕಾಂಕ್ರೀಟ್ ಅದನ್ನು ತಡೆಯುತ್ತದೆ. ಹೆಜ್ಜೆಯ ಪೆಟ್ಟು ಕಾಂಕ್ರೀಟಿನ ಒಳಗೇ ಹರಿಯುತ್ತದೆ. ಓಡುವಾಗ ಒಂದೊಂದು ಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಪೆಟ್ಟು ಬೀಳುತ್ತದೆ. ನನ್ನದು ಆಗ 68 ಕಿಲೋ. ನಿಮಿಷಕ್ಕೆ ನೂರೈವತ್ತಕ್ಕೂ ಜಾಸ್ತಿ ಹೆಜ್ಜೆ. ಲೆಕ್ಕ ಹಾಕಿಕೊಳ್ಳಿ. ಅಂಗಡಿಯವರು 'ಸೈಲೆಂಟ್ ಮೋಟಾರ್' ಅಂತ ಮಾರುವುದು ನಿಮ್ಮ ಕಿವಿಗೆ, ಕೆಳಗಿನವರ ಕಿವಿಗಲ್ಲ. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಇಟ್ಟುಕೊಂಡು ಮೇಲೆ ಕೂತು ನೋಡಿದರೂ ಅಷ್ಟೇ, ಮೋಸಹೋಗುತ್ತೀರಿ. ಪರೀಕ್ಷೆ ಒಂದೇ. ಮನೆಯವರನ್ನು ಓಡಿಸಿ, ನೀವು ಕೆಳಗೆ ಹೋಗಿ ಕೂರಿ.

ಇನ್ನು ನಾನು ಮಾಡಿದ ರಿಪೇರಿಗಳ ಕಥೆ. ಮೊದಲು ಯೋಗ ಮ್ಯಾಟ್ ನಾಲ್ಕು ಪದರ. ಏನೂ ಆಗಲಿಲ್ಲ. ಆಮೇಲೆ ಊರಿಂದ ತಂದ ಹತ್ತಿಯ ಹಾಸಿಗೆಯನ್ನೇ ಕೆಳಗೆ ಹಾಕಿದೆ. ಅಮ್ಮ ಕೊಟ್ಟಿದ್ದು, ಅದರ ಮೇಲೆ ಯಂತ್ರ! ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನುವುದು ನಮ್ಮೆಲ್ಲರ ತಪ್ಪು ಎಣಿಕೆ. ಯಂತ್ರದ ನಾಲ್ಕು ಕಾಲು ಹತ್ತಿಯನ್ನು ಒತ್ತಿ ಚಪ್ಪಟೆ ಮಾಡಿತು. ಒಮ್ಮೆ ಪೂರಾ ಒತ್ತಿಹೋದ ಮೇಲೆ ಅದು ಹಾಸಿಗೆಯಲ್ಲ, ಬರೀ ಬಟ್ಟೆ. ಮೇಲಾಗಿ ಯಂತ್ರ ದೋಣಿಯ ಹಾಗೆ ತೂಗಾಡಿತು, ಬೆಲ್ಟ್ ಒಂದು ಕಡೆ ಸರಿಯಿತು, ಅಡಿಯಲ್ಲಿ ಗಾಳಿಯಾಡದೆ ಮೋಟಾರ್ ಬಿಸಿಯಾಗಿ ಮಧ್ಯದಲ್ಲೇ ನಿಂತಿತು. ನಾನು ಬೀಳದೆ ಉಳಿದಿದ್ದು ಸಿಗಂದೂರಮ್ಮನ ದಯೆ.

ಮೂರನೆಯದನ್ನು ಹೇಳಲು ನಾಚಿಕೆ. ಬೆಲ್ಟ್ ಕಿರುಗುಡುತ್ತಿತ್ತು, ಕೊಬ್ಬರಿ ಎಣ್ಣೆ ಬಿಟ್ಟೆ. ನಮಗೆ ಬಾಗಿಲಿನ ಕೀಲಿನಿಂದ ಹಿಡಿದು ತಲೆಕೂದಲಿನವರೆಗೆ ಎಲ್ಲಕ್ಕೂ ಅದೇ ತಾನೆ? ಎರಡು ದಿನ ಮನೆಯೆಲ್ಲ ಹಪ್ಪಳ ಕರಿದ ವಾಸನೆ. ಮೂರನೇ ದಿನ ಎಣ್ಣೆ ಧೂಳು ಹಿಡಿದು ಅಂಟಾಯಿತು. ಹೊಸ ಬೆಲ್ಟ್ ಹಾಕಿಸಬೇಕಾಯಿತು. ಟ್ರೆಡ್‌ಮಿಲ್‌ಗೆ ಸಿಲಿಕೋನ್ ಎಣ್ಣೆಯೇ ಬೇಕು. ಪ್ಲಗ್ ತೆಗೆದು, ಬೆಲ್ಟಿನ ಅಂಚು ಎತ್ತಿ, ಹಲಗೆಯ ಮೇಲೆ ಸ್ವಲ್ಪವೇ ಬಿಡಬೇಕು. ಎಷ್ಟು ದಿನಕ್ಕೊಮ್ಮೆ ಅಂತ ಯಂತ್ರದ ಪುಸ್ತಕದಲ್ಲಿ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಬೆಲ್ಟ್ ಎಡಕ್ಕೆ ಸರಿದಿದ್ದರೆ ಹಿಂದಿನ ಎಡ ಬೋಲ್ಟನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಬಲಕ್ಕಾದರೆ ಬಲದ್ದನ್ನು. ಕಾಲು ಸುತ್ತು ಮಾತ್ರ. ಸಿಟ್ಟಿನಲ್ಲಿ ಬಿಗಿದರೆ ಮೋಟಾರ್ ಇನ್ನೂ ಜಾಸ್ತಿ ಅಳುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಇದು. ಮೊದಲು ಜಾಗ ಬದಲಿಸಿದೆವು. ಟಿವಿ ಕಾಣಲಿ ಅಂತ ಹಾಲ್‌ನ ನಟ್ಟನಡುವೆ ಇಟ್ಟಿದ್ದೆ. ಸ್ಲ್ಯಾಬ್ ಜಾಸ್ತಿ ಅದುರುವುದು ನಡುವಿನಲ್ಲೇ. ಅಂಚಿನಲ್ಲಿ, ತೊಲೆ ಕಂಬಗಳ ಹತ್ತಿರ ಅದು ಗಟ್ಟಿ. ಹಾಗಾಗಿ ಕಂಬವಿರುವ ಮೂಲೆಗೆ ಸರಿಸಿದೆವು, ಆದರೆ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು. ತಾಗಿದರೆ ಗೋಡೆಯೂ ಹಾಡುತ್ತದೆ. ಹಿಂದುಗಡೆ ಆರಡಿ ಖಾಲಿ ಬಿಡಿ, ಅದು ಸದ್ದಿಗಲ್ಲ, ಬಿದ್ದರೆ ತಲೆ ಉಳಿಯಲಿ ಅಂತ. ಮುಚ್ಚಿದ ಬಾಲ್ಕನಿಯಲ್ಲಿ ಮಾತ್ರ ಇಡಬೇಡಿ. ಹೊರಕ್ಕೆ ಚಾಚಿಕೊಂಡ ಸ್ಲ್ಯಾಬ್ ಅದು, ಅದುರುವುದೇ ಅದರ ಗುಣ. ಮಳೆಯ ಎರಚಲೂ ಉಂಟು. ಹೊಸ ಟವರ್‌ಗಳಲ್ಲಿ ಎಷ್ಟೋ ಕಡೆ ಗೋಡೆಯೂ ಕಾಂಕ್ರೀಟೇ, ಸ್ಲ್ಯಾಬ್ ಜೊತೆ ಒಂದೇ ಎರಕ. ಅಂಥ ಕಡೆ ಪೆಟ್ಟು ಪಕ್ಕದ ಮನೆಗೂ ಹೋಗುತ್ತದೆ.

ಆಮೇಲೆ ಯಂತ್ರದ ಕೆಳಗೊಂದು ಕಟ್ಟೆ. ಮಸ್ಜಿದ್ ಬಂದರ್ ಸ್ಟೇಷನ್ನಿಗಿಳಿದು ನಾಗದೇವಿ ಸ್ಟ್ರೀಟ್‌ಗೆ ಹೋದರೆ ಹಾರ್ಡ್‌ವೇರ್, ರಬ್ಬರ್ ಎಲ್ಲ ಸಿಗುತ್ತದೆ. ಜಿಮ್‌ನಲ್ಲಿ ಹಾಸುವ ದಪ್ಪ ಕರಿ ರಬ್ಬರ್ ಟೈಲ್, 20 ಮಿಲಿಮೀಟರಿನದು, ತಂದು ನೆಲಕ್ಕೆ ಹಾಸಿದೆವು. ಭಾರ ಬಿದ್ದರೂ ಚಪ್ಪಟೆಯಾಗದೆ, ಆದರೂ ಚೂರು ಮಣಿಯುವಂಥದ್ದು ಬೇಕು. ಅದರ ಮೇಲೆ 19 ಮಿಲಿಮೀಟರ್ ಪ್ಲೈವುಡ್ ಎರಡು ಪದರ, ಒಂದಕ್ಕೊಂದು ಸ್ಕ್ರೂ ಹಾಕಿ ಬಿಗಿದಿದ್ದು. ನಾಲ್ಕು ಕಾಲಿನ ಮೇಲೆ ನಿಂತಿದ್ದ ಭಾರ ಇಡೀ ಹಲಗೆಗೆ ಹರಡುತ್ತದೆ, ಹಲಗೆಯ ತೂಕವೂ ಒಂದಿಷ್ಟು ಪೆಟ್ಟನ್ನು ನುಂಗುತ್ತದೆ. ಪ್ಲೈ ಅಂಗಡಿಯಲ್ಲಿ '710' ಅಂದರೆ ನೀರು ತಡೆಯುವ ಮರೀನ್ ಪ್ಲೈ ಕೊಡುತ್ತಾರೆ. ಇಲ್ಲಿನ ಜುಲೈ ತಿಂಗಳಿಗೆ ಅದೇ ಸರಿ. ಸಾದಾ ಪ್ಲೈಗೆ ಬೂಸ್ಟು ಬಂದು ನಮ್ಮದೊಂದು ಹಲಗೆ ಹಾಳಾಯಿತು. ಹಲಗೆಯ ಮೇಲೆ ಇನ್ನೊಂದು ತೆಳು ರಬ್ಬರ್, ಅದರ ಮೇಲೆ ಯಂತ್ರ. ಕಾಲಿನ ತಿರುಪು ತಿರುಗಿಸಿ ಮಟ್ಟ ನೋಡಿಕೊಳ್ಳಿ, ಒಂದು ಕಾಲು ಎದ್ದಿದ್ದರೂ ಟಕಟಕ ತಪ್ಪದು. ಕರೆಂಟಿಗೆ ಅರ್ಥಿಂಗ್ ಇರುವ 16 ಆಂಪ್ ಪ್ಲಗ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

ಇಷ್ಟಾದ ಮೇಲೂ ಸದ್ದು ಪೂರಾ ಹೋಗಲಿಲ್ಲ. ಉಳಿದಿದ್ದು ನನ್ನ ಕಾಲಿನದು. ಮೆತ್ತನೆ ಅಟ್ಟೆಯ ಶೂ ಹಾಕಿದೆ. ಉದ್ದ ಹೆಜ್ಜೆ ಬಿಟ್ಟು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟೆ. ಓಡುವುದನ್ನೇ ಬಿಟ್ಟು, ಯಂತ್ರದ ಮುಂಭಾಗ ಚೂರು ಏರಿಸಿ ಬಿರುಸಾಗಿ ನಡೆದೆ. ಬೆವರು ಅಷ್ಟೇ ಬಂತು, ಪೆಟ್ಟು ಅರ್ಧಕ್ಕಿಳಿಯಿತು. ಯಜಮಾನರು ಮಾತ್ರ ಇವತ್ತಿಗೂ ಕೋಣ ಗದ್ದೆಗಿಳಿದ ಹಾಗೆ ಓಡುತ್ತಾರೆ. ಅವರಿಗೆ ನಾನು ಭಾನುವಾರ ಹನ್ನೊಂದರ ಹೊತ್ತು ಮಾತ್ರ ಕೊಟ್ಟಿದ್ದೇನೆ.

ಹೊತ್ತಿನ ಮಾತು ಬಂತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಆದರೆ ಆರು ಗಂಟೆ ಒಂದು ನಿಮಿಷಕ್ಕೆ ಶುರು ಮಾಡುವ ಜಾಣರೂ ಇದ್ದಾರೆ. ಅದು ಬೇಡ. ಕೆಳಗೆ ಹೋಗಿ ಕೇಳಿ, ನಿಮಗೆ ಯಾವ ಹೊತ್ತು ಅನುಕೂಲ ಅಂತ. ಆಜಿ ಹೇಳಿದ್ದು ಏಳೂವರೆ, ಅವರ ಪೂಜೆ ಮುಗಿದು ಚಹಾ ಕುಡಿಯುವ ಹೊತ್ತು. ಮಧ್ಯಾಹ್ನ ಒಂದರಿಂದ ನಾಲ್ಕು ಸುತರಾಂ ಇಲ್ಲ. ನಾವು ಕನ್ನಡದವರು ಮಾಟುಂಗಾಕ್ಕೆ ಹೋಗಿ ಅಕ್ಕಿ, ಮೆಣಸಿನಕಾಯಿ ತರುತ್ತೇವೆ, ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಬರುತ್ತೇವೆ. ಕೆಳಗಿನ ಮನೆಯ ಬಾಗಿಲು ತಟ್ಟಲು ಮಾತ್ರ ನಮಗೆ ಸಂಕೋಚ. ಹನ್ನೆರಡು ಮೈಲಿ ದೂರದ ಊರವರು ಹತ್ತಿರ, ಹತ್ತು ಅಡಿ ಕೆಳಗಿನವರು ದೂರ.

ಆದರೆ ನನಗೆ ಗೊತ್ತಿರಬೇಕಿತ್ತು. ನಮ್ಮ ಸಾಗರದ ಮನೆಯಲ್ಲಿ ಮರದ ಅಟ್ಟವಿತ್ತು. ಅಡಿಕೆ ಮೂಟೆಗಳ ನಡುವೆ ನಾವು ಮಕ್ಕಳು ಓಡಿದರೆ ಕೆಳಗಿಂದ ಅಜ್ಜಿ ಕೂಗುತ್ತಿದ್ದಳು, 'ಅಟ್ಟದ ಮೇಲೆ ಯಾವ ಹೆಗ್ಗಣ ಅದು?' ಈ ಊರಲ್ಲಿ ಇಡೀ ಬದುಕೇ ಅಟ್ಟದ ಮೇಲೆ. ಕೂಗುವ ಅಜ್ಜಿ ಮಾತ್ರ ಇಲ್ಲ, ಮೋದಕ ಹಿಡಿದು ಬಂದು ಮೆಲ್ಲಗೆ ಕೇಳುವ ಆಜಿ ಇದ್ದರು. ಅವರ ಹತ್ತಿರ ಕೂತೇ ನನ್ನ ಮಗಳು ಮರಾಠಿ ಕಲಿತಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಅಳುತ್ತೇನೆ.

ಮಗಳಿಗೆ ಎಂಟು ವರ್ಷವಿದ್ದಾಗ ಊರಿಗೆ ಹೋಗಿದ್ದೆವು. ಹಿತ್ತಲಲ್ಲಿ ಕುಂಟೆಬಿಲ್ಲೆ ಆಡುವಾಗಲೂ ಅವಳು ತುದಿಗಾಲಲ್ಲಿ ಕುಪ್ಪಳಿಸುತ್ತಿದ್ದಳು. 'ಬೆಕ್ಕಿನ ಹಾಗೆ ಆಡ್ತೀಯಲ್ಲೇ ಪುಟ್ಟಿ' ಅಂತ ಅವಳಜ್ಜ ನಕ್ಕರು. ಇಲ್ಲಿ ಕೆಳಗೆ ಯಾರೂ ಇಲ್ಲ ಕಣೇ, ಬರೀ ಮಣ್ಣು, ಜೋರಾಗಿ ಜಿಗಿ ಅಂದೆ. ಒಮ್ಮೆ ಜಿಗಿದಳು. ಜಿಗಿದು ನನ್ನ ಮುಖ ನೋಡಿದಳು, ಬೈಯುತ್ತೇನೇನೋ ಅಂತ.

ಆಜಿಯನ್ನು ಮಗ ನಾಸಿಕ್‌ಗೆ ಕರೆದುಕೊಂಡು ಹೋಗಿ ಎರಡು ವರ್ಷವಾಯಿತು. 'ಆತಾ ಖಾಲೀ ಕೋಣೀ ನಾಹೀ' ಅಂದ ವಾಚ್‌ಮನ್, ಈಗ ಕೆಳಗೆ ಯಾರೂ ಇಲ್ಲ ಅಂತ. ಈ ಸಲ ಸರಿಯಾಗಿ ಅರ್ಥವಾಯಿತು. ಒಂದು ದಿನ ಬೆಳಗ್ಗೆ ಐದಕ್ಕೆದ್ದು ಓಡಿ ನೋಡಿದೆ. ಹತ್ತು ನಿಮಿಷಕ್ಕೆ ಇಳಿದುಬಿಟ್ಟೆ. ಏಳೂವರೆಗೆ ಚಹಾ ಆದ ಮೇಲೆಯೇ ಮತ್ತೆ ಹತ್ತಿದ್ದು.

ಹೋದ ವಾರ ಆ ಮನೆಗೆ ಹೊಸಬರು ಬಂದಿದ್ದಾರೆ. ಟೆಂಪೋದಿಂದ ತೊಟ್ಟಿಲು ಇಳಿಸುವುದನ್ನು ಕಿಟಕಿಯಿಂದ ನೋಡಿದೆ. ನಾಳೆ ಕೋಡುಬಳೆ ಕರಿದು ಕೊಟ್ಟು ಬರಬೇಕು, ಮಗು ಮಲಗುವ ಹೊತ್ತು ಕೇಳಿಕೊಂಡು.