ಸ್ಪೀಕರ್ ಹೋಲಿಸುವ ಮೊದಲು ಧ್ವನಿಮಟ್ಟ ಸಮ ಮಾಡಿಕೊಳ್ಳಿ

ದುಬಾರಿ ಸ್ಪೀಕರ್‌ಗಳನ್ನು ಹೋಲಿಸಲು ಹೊರಟವರು ಮೊದಲು ಎರಡರ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿಗೆ ಅದು ಜೋರು ಎನ್ನಿಸುವುದಿಲ್ಲ, ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ ನಾದ ಎನ್ನಿಸಿಬಿಡುತ್ತದೆ. ಸೂಕ್ಷ್ಮತೆ (ಅಷ್ಟೇ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 86 ಡೆಸಿಬೆಲ್ ಇರುವುದರ ಪಕ್ಕ 89 ಡೆಸಿಬೆಲ್‌ನದನ್ನು ಇಟ್ಟು ವಾಲ್ಯೂಮ್ ಮುಟ್ಟದೆ ಕೇಳಿದರೆ ಎರಡನೆಯದು ಪುಕ್ಕಟೆಯಾಗಿ ಗೆಲ್ಲುತ್ತದೆ. ಅದನ್ನು ಸರಿಗಟ್ಟಲು ಮೊದಲನೆಯದಕ್ಕೆ ಆಂಪ್ಲಿಫೈಯರ್‌ನಿಂದ ಎರಡು ಪಟ್ಟು ಶಕ್ತಿ ಬೇಕು.

ನೀವು ಕೂರುವ ಜಾಗದಲ್ಲೇ ಕಿವಿಯ ಎತ್ತರಕ್ಕೆ ಮೊಬೈಲ್ ಹಿಡಿಯಿರಿ. ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ, ಜಲಪಾತದಂಥ ಸಮನಾದ ಪರೀಕ್ಷಾ ಸದ್ದು) ನುಡಿಸಿ, ಶಬ್ದ ಅಳೆಯುವ ಆ್ಯಪ್‌ನಲ್ಲಿ ಎರಡಕ್ಕೂ ಒಂದೇ ಅಂಕಿ ಬರುವಂತೆ ಹೊಂದಿಸಿ. ಆ ಅಂಕಿ ನಿಖರವಾಗಿರಬೇಕಿಲ್ಲ, ಒಂದೇ ಆಗಿದ್ದರೆ ಸಾಕು.

ಸ್ಪೀಕರ್ ಇಡುವ ಜಾಗವೂ ಬದಲಾಗಬಾರದು. ಗೋಡೆಗೆ ಸರಿಸಿದಷ್ಟೂ ಬಾಸ್ ಉಬ್ಬುತ್ತದೆ. ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಕೇಳಿಸುವುದರಲ್ಲಿ ಕೋಣೆಯದೇ ದೊಡ್ಡ ಪಾಲು. ಹಾಗಾಗಿ ಅಂಗಡಿಯಲ್ಲಿ ಕೇಳಿದ ಬಾಸನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು, ಜೋಡಿಯಲ್ಲಿ ಒಂದನ್ನೇ ಇಟ್ಟು ಮೊನೊದಲ್ಲಿ ಕೇಳಿ. ಸ್ಟೀರಿಯೊದ ವೈಭವ ಎಷ್ಟೋ ದೋಷಗಳನ್ನು ಮುಚ್ಚಿಹಾಕುತ್ತದೆ. ಮೊನೊದಲ್ಲಿ ಕೇಳುಗರು ಅವನ್ನು ಬೇಗ ಹಿಡಿಯುತ್ತಾರೆ ಎಂಬುದನ್ನು ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಪ್ರಯೋಗಗಳಿಂದ ತೋರಿಸಿದ್ದಾರೆ. ಮಾರಾಟಗಾರರು ಆರಿಸಿದ ಥಳುಕಿನ ಹಾಡು ಬೇಡ. ಪರಿಚಿತ ಗಂಡುದನಿಯ ಬರೀ ಮಾತು ಹಾಕಿಸಿ: ಎದೆಯ ಭಾಗ ಡಬ್ಬಿಯೊಳಗಿನಿಂದ ಬಂದಂತಿದೆಯೇ, ಸಕಾರ ಸಿಳ್ಳೆ ಹೊಡೆಯುತ್ತದೆಯೇ, ಗಮನಿಸಿ.

ವಿದ್ಯುತ್ ಪ್ರತಿರೋಧ 8 ಓಮ್ ಎಂದು ಬರೆದಿದ್ದರೂ ಕೆಲವು ಆವರ್ತನಗಳಲ್ಲಿ 3 ಓಮ್‌ವರೆಗೆ ಇಳಿಯುವ ಸ್ಪೀಕರ್‌ಗಳಿವೆ. ಅದು ಇಳಿದಷ್ಟೂ ಆಂಪ್ಲಿಫೈಯರ್ ಮೇಲೆ ಹೊರೆ ಹೆಚ್ಚು, ಆದ್ದರಿಂದ ಹೋಲಿಕೆಗೆ ನಿಮ್ಮದೇ ಆಂಪ್ಲಿಫೈಯರ್ ಬಳಸಿ. ಕೇಬಲ್ ಕುರಿತ ಜಗಳವನ್ನು ಆಮೇಲೆ ಆಡೋಣ.