ಓಟದ ಶೂ: ತೊಳೆಯುವ ಕ್ರಮ, ಒಣಗಿಸುವ ತಾಳ್ಮೆ

ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನ ಒಳದಾರಿಗಳಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಓಡುವವರ ಕಾಲುಗಳನ್ನು ಗಮನಿಸಿದರೆ, ಶೂಗಳ ಮೂಲ ಬಣ್ಣ ಯಾವುದೇ ಇರಲಿ, ಅಂಚಿನಲ್ಲಿ ಕೆಮ್ಮಣ್ಣಿನ ಒಂದು ಪಟ್ಟಿ ಕಾಣುತ್ತದೆ. ಐದಾರು ಸಾವಿರ ರೂಪಾಯಿ ಕೊಟ್ಟು ತಂದ ಶೂವನ್ನು ಕೆಲವರು ಹರಿಯುವವರೆಗೂ ತೊಳೆಯುವುದೇ ಇಲ್ಲ. ಇನ್ನು ಕೆಲವರು ಭಾನುವಾರ ಬಟ್ಟೆಯ ಜೊತೆಗೆ ವಾಷಿಂಗ್ ಮೆಷಿನ್ನಿಗೆ ಹಾಕಿ, ಮಧ್ಯಾಹ್ನದ ಬಿಸಿಲಿಗೆ ತಾರಸಿಯ ಮೇಲೆ ಒಣಗಲು ಬಿಡುತ್ತಾರೆ. ಈ ಎರಡರಲ್ಲಿ ಶೂವಿಗೆ ಹೆಚ್ಚು ಹಾನಿ ಮಾಡುವುದು ಎರಡನೆಯದು. ಮಣ್ಣು ಶೂವನ್ನು ನಿಧಾನವಾಗಿ ಸವೆಸುತ್ತದೆ. ಬಿಸಿ ಒಂದೇ ದಿನದಲ್ಲಿ ಕೆಡಿಸಬಲ್ಲದು.

ಕಾರಣ ಶೂವಿನ ರಚನೆಯಲ್ಲೇ ಇದೆ. ಓಟದ ಶೂವಿನ ಮೇಲ್ಭಾಗ ಸಾಮಾನ್ಯವಾಗಿ ಪಾಲಿಯೆಸ್ಟರ್ ಅಥವಾ ನೈಲಾನ್ ಜಾಲರಿ ಬಟ್ಟೆ. ಪಾದದ ಕೆಳಗೆ ಪೆಟ್ಟನ್ನು ತಡೆದುಕೊಳ್ಳುವ ದಪ್ಪ ಪದರ ಬಹಳಷ್ಟು ಶೂಗಳಲ್ಲಿ ಇವಿಎ ಎಂಬ ಫೋಮ್. ಅದರೊಳಗೆ ಗಾಳಿ ತುಂಬಿದ ಲೆಕ್ಕವಿಲ್ಲದಷ್ಟು ಪುಟ್ಟ ಕೋಶಗಳಿರುತ್ತವೆ. ನೆಲಕ್ಕೆ ತಾಗುವುದು ರಬ್ಬರ್. ಈ ಮೂರನ್ನೂ ಹಿಡಿದಿಟ್ಟಿರುವುದು ಹೊಲಿಗೆಯಲ್ಲ, ಅಂಟು. ಬಿಸಿ ತಗುಲಿದರೆ ಅಂಟು ಮೆತ್ತಗಾಗುತ್ತದೆ, ಫೋಮ್ ಕುಗ್ಗಿ ಆಕಾರ ಕೆಡುತ್ತದೆ. ಮುಂದೆ ಹೇಳಲಿರುವ ಎಲ್ಲ ಹಂತಗಳಿಗೂ ಆಧಾರ ಇದೇ: ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ನೆರಳು.

ಮೊದಲು ಮಣ್ಣು ಒಣಗಲಿ

ಮಳೆಯಲ್ಲಿ ಓಡಿ ಬಂದ ಕೂಡಲೇ ಕೆಸರಾದ ಶೂವನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಬೇಕೆನಿಸುವುದು ಸಹಜ, ಆದರೆ ಹಾಗೆ ಮಾಡಬಾರದು. ನಮ್ಮ ಕೆಮ್ಮಣ್ಣಿಗೆ ಕೆಂಪು ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ, ಮತ್ತು ಅದರ ಕಣಗಳು ತೀರ ನುಣ್ಣಗಿರುತ್ತವೆ. ಹಸಿ ಕೆಸರನ್ನು ಉಜ್ಜಿದಷ್ಟೂ ಆ ಕಣಗಳು ಜಾಲರಿಯ ಎಳೆಗಳ ನಡುವೆ ಒಳಕ್ಕೆ ಇಳಿಯುತ್ತವೆ, ಆಮೇಲೆ ಯಾವ ಸೋಪಿಗೂ ಸುಲಭವಾಗಿ ಜಗ್ಗುವುದಿಲ್ಲ. ಆದ್ದರಿಂದ ಕೆಸರು ಪೂರ್ತಿ ಒಣಗುವವರೆಗೆ ಕಾಯಬೇಕು. ಒಣಗಿದ ಮೇಲೆ ಎರಡೂ ಶೂಗಳ ಸೋಲನ್ನು ಅಂಗಳದಲ್ಲಿ ಒಂದಕ್ಕೊಂದು ತಟ್ಟಿದರೆ ಮಣ್ಣು ಸೋಲಿನ ಗೀರುಗಳ ಅಚ್ಚಿನಂತೆಯೇ ಹೆಂಟೆಹೆಂಟೆಯಾಗಿ ಉದುರುತ್ತದೆ. ಗೀರುಗಳಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲುಗಳನ್ನು ಎಬ್ಬಿಸಲು ತೆಂಗಿನ ಪೊರಕೆಯ ಕಡ್ಡಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಸ್ಕ್ರೂಡ್ರೈವರ್ ಬಳಸಿದರೆ ರಬ್ಬರನ್ನೂ ಫೋಮನ್ನೂ ಗೀರಿಬಿಡುತ್ತದೆ. ಉಳಿದ ಧೂಳನ್ನು ಒಣ ಬ್ರಷ್ಷಿನಿಂದ ಝಾಡಿಸಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ, ನೀರು ಮುಟ್ಟಿಸುವ ಅಗತ್ಯವೇ ಬೀಳುವುದಿಲ್ಲ.

ತೊಳೆಯುವ ಕ್ರಮ

ವಾರಕ್ಕೆ ನಾಲ್ಕು ದಿನ ಓಡುವವರು ತಿಂಗಳಿಗೊಮ್ಮೆ ಪೂರ್ತಿಯಾಗಿ ತೊಳೆದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಬೇಕಾಗುವ ಸಾಮಾನು ಎಲ್ಲರ ಮನೆಯಲ್ಲೂ ಇರುವಂಥದ್ದು: ಅರ್ಧ ಬಕೆಟ್ ನೀರು, ಒಂದು ಚಮಚ ದ್ರವರೂಪದ ಡಿಟರ್ಜೆಂಟ್ ಅಥವಾ ಪಾತ್ರೆ ತೊಳೆಯುವ ದ್ರಾವಣ, ಬಟ್ಟೆ ಉಜ್ಜುವ ಒಂದು ಬ್ರಷ್, ಹಳೆಯದಾದ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಎರಡು ಹತ್ತಿ ಬಟ್ಟೆಯ ತುಂಡು. ಸೋಪಿನ ಪುಡಿ ಪೂರ್ತಿ ಕರಗದೆ ಬಟ್ಟೆಯ ಪದರಗಳ ನಡುವೆ ಉಳಿಯುವುದರಿಂದ ದ್ರಾವಣವೇ ವಾಸಿ. ಬಟ್ಟೆ ಸೋಪಿನ ಬಿಲ್ಲೆಯನ್ನು ನೇರವಾಗಿ ಶೂವಿನ ಮೇಲೆ ತಿಕ್ಕುವುದು ಬೇಡವೇ ಬೇಡ.

ಲೇಸುಗಳನ್ನು ಪೂರ್ತಿ ಬಿಚ್ಚಿ, ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಅಂಗೈಗಳ ನಡುವೆ ಹೊಸೆದು ಜಾಲಿಸಿ. ಒಳಗಿನ ಇನ್‌ಸೋಲನ್ನು ಹೊರಕ್ಕೆ ತೆಗೆಯಿರಿ. ಕೆಲವು ಶೂಗಳಲ್ಲಿ ಅದನ್ನು ಅಂಟಿಸಿರುತ್ತಾರೆ, ಅಂಥದ್ದನ್ನು ಕೀಳಲು ಹೋಗಬಾರದು. ಬೆವರು ಹೆಚ್ಚು ಇಳಿಯುವುದು ಇನ್‌ಸೋಲಿಗೇ ಆದ್ದರಿಂದ ಅದನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಬದಿ ಒರೆಸಿ, ಸ್ವಚ್ಛ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಹಿಂಡದೆ ಒಣಗಲು ಇಡಬೇಕು. ಹಿಂಡಿದರೆ ಮಡಿಕೆ ಬಿದ್ದು ಮುಂದೆ ಪಾದಕ್ಕೆ ಗುಳ್ಳೆ ಏಳಿಸುತ್ತದೆ.

ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ. ರಬ್ಬರ್ ಸೋಲಿಗೆ ಗಟ್ಟಿ ಬ್ರಷ್ ಬಳಸಬಹುದು. ಪಕ್ಕದಲ್ಲಿ ಕಾಣುವ ಫೋಮಿಗೆ ಗಟ್ಟಿ ಬ್ರಷ್ ತಾಗಿಸಬೇಡಿ. ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಹಲ್ಲುಜ್ಜುವ ಬ್ರಷ್ಷಿಗೆ ಹಚ್ಚಿಕೊಂಡು ಹಗುರವಾಗಿ ಉಜ್ಜಿದರೆ ಬಿಳಿ ಫೋಮ್ ಮತ್ತೆ ಬೆಳಗುತ್ತದೆ. ಜಾಲರಿಯ ಮೇಲೆ ಸೋಪಿನ ನೊರೆಯನ್ನಷ್ಟೇ ಹಚ್ಚಿ, ಸಣ್ಣ ಸುತ್ತುಗಳಲ್ಲಿ ಉಜ್ಜಬೇಕು. ಬೆರಳು ಒಳಗಿನಿಂದ ಬಟ್ಟೆಗೆ ಆನಿಕೆಯಾಗಿರಲಿ, ಆಗ ಬ್ರಷ್ಷಿನ ಒತ್ತಡ ಎಷ್ಟು ಬೀಳುತ್ತಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಇಡೀ ಶೂವನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೆನೆಹಾಕುವ ಪದ್ಧತಿ ಸರಿಯಲ್ಲ. ಹಿಮ್ಮಡಿಯ ಸುತ್ತಲಿನ ಮೆತ್ತೆಯೂ ನಾಲಗೆಯೂ ನೀರು ಕುಡಿದರೆ ಮಳೆಗಾಲದಲ್ಲಿ ಎರಡು ಮೂರು ದಿನವಾದರೂ ಒಣಗುವುದಿಲ್ಲ. ಮೆಷಿನ್ನಿನಲ್ಲಿ ಮುಳುಗುವುದರ ಜೊತೆಗೆ ಡ್ರಮ್ಮಿನ ಗೋಡೆಗೆ ಬಡಿದುಕೊಳ್ಳುವುದೂ ಸೇರಿಕೊಳ್ಳುತ್ತದೆ. ಕೈಯಲ್ಲೇ ತೊಳೆಯಿರಿ ಎಂದು ಶೂ ತಯಾರಿಸುವ ಹೆಚ್ಚಿನ ಕಂಪನಿಗಳು ಹೇಳುವುದಕ್ಕೆ ಕಾರಣ ಇದು.

ಸೋಪು ಹಚ್ಚುವುದಕ್ಕಿಂತ ಸೋಪು ತೆಗೆಯುವುದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಬಿಳಿ ಶೂ ತೊಳೆದ ಮೇಲೆ ಹಳದಿಯಾಯಿತು ಎಂದು ಬೇಸರಪಡುವವರು ಬಹಳ ಮಂದಿ; ಬಟ್ಟೆಯಲ್ಲಿ ಉಳಿದ ಸೋಪು ಮತ್ತು ಅದರ ಮೇಲೆ ಬಿದ್ದ ಬಿಸಿಲು ಇದಕ್ಕೆ ಸಾಮಾನ್ಯ ಕಾರಣ. ಸ್ವಚ್ಛ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಕೊನೆಗೆ ಒಣ ಬಿಳಿ ಬಟ್ಟೆಯನ್ನು ಜಾಲರಿಯ ಮೇಲೆ ಒತ್ತಿ ನೋಡಿ. ಒತ್ತಿದ ಕಡೆ ಸಣ್ಣ ನೊರೆ ಕಾಣಿಸಿದರೆ ಇನ್ನೂ ಒರೆಸುವುದು ಬಾಕಿ ಇದೆ ಎಂದರ್ಥ. ಮನೆಯಲ್ಲಿ ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಈ ಕೊನೆಯ ಒರೆಸುವಿಕೆಗಾದರೂ ಕುಡಿಯುವ ನೀರನ್ನು ಒಂದು ಚೊಂಬು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಗಡಸು ನೀರು ಆರಿದಾಗ ಅದರಲ್ಲಿದ್ದ ಸುಣ್ಣದಂಶ ಕಪ್ಪು ಮತ್ತು ನೀಲಿ ಶೂಗಳ ಮೇಲೆ ಬಿಳಿ ಮಚ್ಚೆಯಾಗಿ ನಿಲ್ಲುತ್ತದೆ.

ಅಂಟುವಾಳದ ಕಾಯಿ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಗಾಢ ಬಣ್ಣದ ಶೂಗಳಿಗೆ ಖಂಡಿತ ಆಗುತ್ತದೆ. ರೇಷ್ಮೆ ಸೀರೆಯನ್ನು ತೊಳೆಯುವಷ್ಟು ಮೃದುವಾದ ನೊರೆ ಅದು. ಆದರೆ ಅದರ ನೀರು ಕಂದು ಬಣ್ಣದ್ದು, ಬಿಳಿ ಜಾಲರಿಗೆ ಬೇಡ.

ಹಟಮಾರಿ ಕಲೆಗಳು

ಕೆಮ್ಮಣ್ಣಿನ ಕಲೆಗೆ ಬ್ಲೀಚ್ ಹಾಕುವುದು ದೊಡ್ಡ ತಪ್ಪು. ಬ್ಲೀಚ್ ಕಬ್ಬಿಣದ ಕಲೆಯನ್ನು ಕರಗಿಸುವುದಿಲ್ಲ, ಬದಲಿಗೆ ಅದನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸಬಹುದು, ನೈಲಾನ್ ಎಳೆಗಳನ್ನೂ ದುರ್ಬಲಗೊಳಿಸುತ್ತದೆ. ಕಬ್ಬಿಣದ ಕಲೆಗೆ ಬೇಕಾದುದು ಹುಳಿ. ನಿಂಬೆರಸವನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ, ಮೊದಲು ಎದ್ದು ಕಾಣದ ಜಾಗದಲ್ಲಿ ಬಣ್ಣ ಹೋಗುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಕಲೆಯ ಮೇಲೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಹಳೆಯ ಕಲೆ ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೂ ತಿಳಿಯಾಗುತ್ತದೆ. ಬ್ಲೀಚನ್ನು ನಿಂಬೆರಸ ಅಥವಾ ವಿನೆಗರ್ ಜೊತೆ ಯಾವ ಕಾರಣಕ್ಕೂ ಬೆರೆಸಬಾರದು. ಬೆರೆತರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಬರುತ್ತದೆ, ಬಚ್ಚಲುಮನೆಯಂಥ ಚಿಕ್ಕ ಜಾಗದಲ್ಲಿ ಅದು ಅಪಾಯ.

ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಓಡಿ ಸೋಲಿಗೆ ಟಾರು ಮೆತ್ತಿದ್ದರೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ತಿಕ್ಕಿ, ಅದು ಸಡಿಲವಾದ ಮೇಲೆ ಪಾತ್ರೆ ತೊಳೆಯುವ ದ್ರಾವಣದಿಂದ ಎಣ್ಣೆಯ ಜಿಡ್ಡನ್ನು ಪೂರ್ತಿಯಾಗಿ ತೆಗೆಯಬೇಕು. ಇದು ರಬ್ಬರಿಗೆ ಮಾತ್ರ, ಬಟ್ಟೆಗಲ್ಲ.

ಒಣಗಿಸುವುದೇ ಅರ್ಧ ಕೆಲಸ

ಮಲೆನಾಡಿನ ನಮ್ಮ ಮನೆಯಲ್ಲಿ ಮಳೆಗಾಲದ ಮೂರು ತಿಂಗಳು ಬಟ್ಟೆ ಒಣಗುತ್ತಿದ್ದುದು ಬಚ್ಚಲ ಹಂಡೆಯ ಒಲೆಯ ಮೇಲೆ ಕಟ್ಟಿದ್ದ ಬಿದಿರಿನ ಗಳದ ಮೇಲೆ. ಮೊದಲ ಬಾರಿಗೆ ಓಟದ ಶೂ ಕೊಂಡ ವರ್ಷ ಅದನ್ನೂ ಅಲ್ಲೇ ತೂಗುಹಾಕಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಬಟ್ಟೆಯೇನೋ ಗರಿಗರಿಯಾಗಿ ಒಣಗಿತ್ತು, ಆದರೆ ಎಡಗಾಲಿನ ಶೂವಿನ ಮೂತಿಯಲ್ಲಿ ಸೋಲು ಅಂಟು ಬಿಟ್ಟು ಬಾಯಿ ತೆರೆದಿತ್ತು, ಎರಡರ ತುದಿಯೂ ಮೇಲಕ್ಕೆ ಮುರುಟಿತ್ತು. ಊರಿನ ಚಮ್ಮಾರರು ಅಂಟು ಹಾಕಿ ಒತ್ತಿ ಕೊಟ್ಟರು, ಆದರೆ ಮುರುಟಿದ ಫೋಮ್ ನೇರವಾಗಲಿಲ್ಲ. ಒಲೆಯ ಹತ್ತಿರ, ಹೀಟರಿನ ಮುಂದೆ, ಬಿಸಿ ಗಾಳಿಯ ಹೇರ್ ಡ್ರೈಯರಿನ ಕೆಳಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಶೂ ಇಡಬಾರದು ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕಾಗಿ.

ಶೂ ಒಣಗಲು ಬೇಕಾದುದು ಬಿಸಿಯಲ್ಲ, ಆಡುವ ಗಾಳಿ. ಒದ್ದೆಯಾದ ಶೂವಿನಿಂದ ಇನ್‌ಸೋಲ್ ತೆಗೆದು, ನಾಲಗೆಯನ್ನು ಮುಂದಕ್ಕೆ ಎಳೆದು ಬಾಯಿಯನ್ನು ಅಗಲ ಮಾಡಿ, ಒಳಗೆ ಮುದ್ದೆ ಮಾಡಿದ ಹಳೆಯ ಪತ್ರಿಕೆಯನ್ನು ಬೆರಳ ತುದಿಯ ಜಾಗದವರೆಗೂ ತುಂಬಿ. ಬಿಗಿಯಾಗಿ ಗಿಡಿಯಬಾರದು, ಕಾಗದದ ನಡುವೆಯೂ ಗಾಳಿ ಆಡಬೇಕು. ಮೊದಲ ಗಂಟೆಯಲ್ಲೇ ಕಾಗದ ಬಹಳಷ್ಟು ನೀರು ಹೀರುತ್ತದೆ, ಆದ್ದರಿಂದ ಆ ಕಾಗದವನ್ನು ಒಂದು ಗಂಟೆಗೆ ತಪ್ಪದೆ ಬದಲಾಯಿಸಬೇಕು. ಒದ್ದೆ ಕಾಗದವನ್ನು ರಾತ್ರಿಯಿಡೀ ಒಳಗೇ ಬಿಟ್ಟರೆ ತೇವವನ್ನು ಕೂಡಿಟ್ಟಂತಾಗುತ್ತದೆ. ಆನಂತರ ಎರಡು ಮೂರು ಗಂಟೆಗೊಮ್ಮೆ ಬದಲಿಸಿದರೆ ಸಾಕು. ಒಳಭಾಗ ಬಿಳಿಯಾಗಿದ್ದರೆ ಪತ್ರಿಕೆಯ ಮಸಿ ಹತ್ತುವ ಸಾಧ್ಯತೆ ಇರುವುದರಿಂದ ಹಳೆಯ ಹತ್ತಿ ಬನಿಯನ್ನಿನ ತುಂಡಿನಲ್ಲಿ ಕಾಗದವನ್ನು ಸುತ್ತಿ ತುಂಬಬಹುದು. ಶೂಗಳನ್ನು ಗೋಡೆಗೆ ಓರೆಯಾಗಿ, ಮೂತಿ ಮೇಲಾಗಿ ನಿಲ್ಲಿಸಿ, ಹತ್ತಿರದಲ್ಲಿ ಟೇಬಲ್ ಫ್ಯಾನ್ ಹಾಕಿದರೆ ಸಾಮಾನ್ಯವಾಗಿ ಒಂದು ದಿನ, ಜಡಿಮಳೆಯ ದಿನಗಳಲ್ಲಿ ಎರಡು ದಿನ ಹಿಡಿಯುತ್ತದೆ. ಮೇಲಿನಿಂದ ಒಣಗಿದಂತೆ ಕಂಡರೂ ಹಿಮ್ಮಡಿಯ ಮೆತ್ತೆಯನ್ನು ಬೆರಳುಗಳಿಂದ ಚಿವುಟಿ ನೋಡಿ. ಅಲ್ಲಿ ತಣ್ಣಗೆ ತಾಗಿದರೆ ಒಳಗೆ ಇನ್ನೂ ತೇವವಿದೆ.

ಈ ಎರಡು ದಿನ ಓಟ ನಿಲ್ಲಿಸಲು ಮನಸ್ಸಿಲ್ಲದವರಿಗೆ ಎರಡು ಜೊತೆ ಶೂ ಇಟ್ಟುಕೊಂಡು ಸರದಿಯಂತೆ ಬಳಸುವುದು ಉತ್ತಮ. ಒಟ್ಟು ಖರ್ಚು ಇದರಿಂದ ದುಪ್ಪಟ್ಟಾಗುವುದಿಲ್ಲ, ಎರಡೂ ಹೆಚ್ಚು ಕಾಲ ಬಾಳುತ್ತವೆ.

ವಾಸನೆ

ಬೆವರಿಗೆ ಅಷ್ಟಾಗಿ ವಾಸನೆ ಇರುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ, ಕತ್ತಲಲ್ಲಿರುವ ಶೂವಿನೊಳಗೆ ಬ್ಯಾಕ್ಟೀರಿಯಾಗಳು ಬೆವರನ್ನೂ ಸತ್ತ ಚರ್ಮವನ್ನೂ ಒಡೆಯುವಾಗ ಹುಟ್ಟುವ ಆಮ್ಲಗಳೇ ಆ ಕಮಟು. ಸುಗಂಧ ಸಿಂಪಡಿಸಿದರೆ ವಾಸನೆ ಮರೆಯಾಗುತ್ತದೆಯೇ ಹೊರತು ಅದರ ಮೂಲ ಹೋಗುವುದಿಲ್ಲ. ಅಡುಗೆ ಸೋಡಾ ಆಮ್ಲವನ್ನು ಶಮನಗೊಳಿಸುತ್ತದೆ. ಎರಡು ಚಮಚ ಸೋಡಾವನ್ನು ಜೊತೆ ತಪ್ಪಿದ ಒಂದು ಹಳೆಯ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ ರಾತ್ರಿ ಶೂವಿನೊಳಗೆ ಇಟ್ಟು ಬೆಳಗ್ಗೆ ತೆಗೆದರೆ, ಪುಡಿ ಬಟ್ಟೆಗೆ ಅಂಟುವ ರಗಳೆಯೂ ಇಲ್ಲ. ಇನ್‌ಸೋಲಿಗೆ ಮಾತ್ರ ಬೆಳಗಿನ ಎಳೆಬಿಸಿಲನ್ನು ಅರ್ಧ ಗಂಟೆ ತೋರಿಸಬಹುದು. ಬೆರಳುಗಳ ಸಂದಿಯಲ್ಲಿ ನವೆಯೂ ಸಿಪ್ಪೆ ಏಳುವುದೂ ಇದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಆಗ ಶೂ ತೊಳೆಯುವುದರ ಜೊತೆಗೆ ವೈದ್ಯರನ್ನೂ ಕಾಣಬೇಕು.

ದಿನದ ಅಭ್ಯಾಸಗಳು

ಲೇಸು ಬಿಚ್ಚದೆ, ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿಯನ್ನು ಮೆಟ್ಟಿ ಶೂ ಕಳಚುವುದರಿಂದ ಹಿಂಭಾಗದ ಗಟ್ಟಿ ಪದರ ಮುರಿಯುತ್ತದೆ. ಅದು ಒಮ್ಮೆ ಮುರಿದರೆ ಹಿಮ್ಮಡಿಗೆ ಆಧಾರ ತಪ್ಪಿ ಚರ್ಮ ಸುಲಿಯತೊಡಗುತ್ತದೆ. ಓಟದ ಶೂವನ್ನು ಸಂತೆಗೂ ಆಫೀಸಿಗೂ ಹಾಕಿಕೊಂಡು ಹೋಗದೆ ಓಟಕ್ಕೇ ಮೀಸಲಿಡುವುದು ಒಳಿತು. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ತೆರೆದ ಗೂಡಿನಲ್ಲಿಡಿ. ಹೊಸ ಶೂ ಮತ್ತು ಚೀಲಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಶೂವಿನೊಳಗೆ ಹಾಕಿಡಬಹುದು. ಹೊರಗಿನ ಜಗಲಿಯಲ್ಲಿ ಶೂ ಇಡುವವರು ಕಾಲು ತೂರಿಸುವ ಮೊದಲು ಅದನ್ನು ತಲೆಕೆಳಗು ಮಾಡಿ ನೆಲಕ್ಕೆ ಬಡಿಯಲೇಬೇಕು. ಚೇಳು, ಜರಿ, ಕೆಲವೊಮ್ಮೆ ಹಾವಿನ ಮರಿ ಕೂಡ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದು ಸೇರುತ್ತವೆ.

ಎಷ್ಟು ಜತನ ಮಾಡಿದರೂ ಫೋಮಿಗೆ ಆಯುಸ್ಸಿದೆ. ಸಾಧಾರಣವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಅದರ ಪುಟಿತ ಕುಗ್ಗುತ್ತದೆ. ಓಡುವವರ ತೂಕ, ನೆಲ, ಶೂವಿನ ಬಗೆ ಇವುಗಳ ಮೇಲೆ ಲೆಕ್ಕ ಆಚೀಚೆ ಆಗುತ್ತದೆ. ಹೊಸ ಶೂ ತಂದ ದಿನವೇ ನಾಲಗೆಯ ಒಳಬದಿಯಲ್ಲಿ ಅಳಿಸದ ಮಸಿಯಿಂದ ತಾರೀಖು ಬರೆದಿಡುವುದು ನನ್ನ ರೂಢಿ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿದಾಗ ಅದು ಒಂದು ಬದಿಗೆ ವಾಲಿದ್ದರೆ, ಅಥವಾ ರಬ್ಬರ್ ಸವೆದು ಫೋಮೇ ನೆಲಕ್ಕೆ ತಾಗುತ್ತಿದ್ದರೆ, ಮೇಲ್ಭಾಗ ಎಷ್ಟೇ ಚೊಕ್ಕಟವಾಗಿದ್ದರೂ ಅದರಲ್ಲಿ ಓಡುವುದನ್ನು ನಿಲ್ಲಿಸಬೇಕು. ಅಂಥ ಜೊತೆಯನ್ನು ಕೊನೆಯ ಬಾರಿ ತೊಳೆದು ಒಣಗಿಸಿ ತೋಟದ ಕೆಲಸಕ್ಕೆ ಇಟ್ಟುಕೊಳ್ಳಿ. ಲೇಸುಗಳು ಗಟ್ಟಿಯಿದ್ದರೆ ಬಿಚ್ಚಿ ಎತ್ತಿಡಿ, ಮುಂದಿನ ಜೊತೆಯ ಲೇಸು ತುಂಡಾದ ದಿನ ಬೇಕಾಗುತ್ತವೆ.