ಸೆನ್ಸರ್ ತಂದಾಯ್ತು, ರಿಸೀವರ್ ಯಾವುದು ತರಬೇಕು?

ಬಾಗಿಲು ತೆಗೆದರೆ ವೈರ್ ಇಲ್ಲದೆ ಸುದ್ದಿ ಕಳಿಸುವ ಬಾಗಿಲ ಸೆನ್ಸರ್ ಮೇಲೆ 433 ಅಂತ ಇದೆ, ಅದು ಮೆಗಾಹರ್ಟ್ಸ್ ಲೆಕ್ಕದಲ್ಲಿ ರೇಡಿಯೊ ಫ್ರೀಕ್ವೆನ್ಸಿ. ಎಸ್‌.ಪಿ. ರಸ್ತೆಯಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಸಿಗುವ ರಿಸೀವರ್ ಬೋರ್ಡ್ ಮೇಲೂ 433 ಅಂತಲೇ ಇದೆ. ಮನೆಗೆ ತಂದು ಜೋಡಿಸಿದರೆ, ಬಾಗಿಲು ಎಷ್ಟು ಸಲ ತೆಗೆದು ಹಾಕಿದರೂ ಏನೂ ಬರುವುದಿಲ್ಲ. ಎಷ್ಟೋ ಮಂದಿ ಇಲ್ಲೇ ಕೈಚೆಲ್ಲುತ್ತಾರೆ, ಇಲ್ಲವೇ ರಿಸೀವರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತರುತ್ತಾರೆ, ಅದರ ಕಥೆಯೂ ಅಷ್ಟೇ. ಸಾಮಾನ್ಯವಾಗಿ ಏನೂ ಕೆಟ್ಟಿರುವುದಿಲ್ಲ. ನಂಬರ್ ಒಂದು ಹೊಂದಿದರೆ ಸಾಲದು. ಸಿಗ್ನಲ್ ಕಳಿಸುವ ರೀತಿಯೂ ಹೊಂದಬೇಕು, ಒಳಗಿನ ಕೋಡ್ ಕೂಡ ಹೊಂದಬೇಕು. ಅದಕ್ಕೇ ಸೆನ್ಸರ್ ಕೈಯಲ್ಲಿ ಹಿಡಿದು ಶುರು ಮಾಡಿ, ರಿಸೀವರ್ ಕೊನೆಗೆ ಕೊಳ್ಳಿ.

ಮೊದಲು ಸೆನ್ಸರ್ ಹಿಂಬದಿ ನೋಡಿ

ಸ್ಟಿಕ್ಕರ್ ಮೇಲೆ ಫ್ರೀಕ್ವೆನ್ಸಿ ಬರೆದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಫ್‌ಸಿಸಿ ಐಡಿ ಅಂತ ಒಂದು ನಂಬರ್ ಇರಬಹುದು, ಎಫ್‌ಸಿಸಿ ಅಂದರೆ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ, ಅಲ್ಲಿ ಮಾರುವ ವೈರ್‌ಲೆಸ್ ಸಾಮಾನಿನ ಮೇಲೆ ಅದು ಇರುತ್ತದೆ. ಅದನ್ನು ಎಫ್‌ಸಿಸಿಯ ವೆಬ್‌ಸೈಟಿನಲ್ಲಿ ಹಾಕಿದರೆ ಫ್ರೀಕ್ವೆನ್ಸಿ ಸಿಗುತ್ತದೆ, ಎಷ್ಟೋ ಸಲ ಒಳಗಿನ ಬೋರ್ಡಿನ ಫೋಟೊ ಕೂಡ ಸಿಗುತ್ತದೆ.

ಮಗ ಅಮೆರಿಕದಿಂದ ತಂದ ಸೆನ್ಸರ್ ಆದರೆ ಸ್ವಲ್ಪ ತಡೆಯಿರಿ. ಅಲ್ಲಿನ ಎಷ್ಟೋ ಸಾಮಾನು 915 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಕೆಲವು ಅಲಾರಾಂ ಸೆನ್ಸರ್‌ಗಳು 345ರಲ್ಲಿ. ನಮ್ಮಲ್ಲಿ 915ರ ಅಕ್ಕಪಕ್ಕ ಮೊಬೈಲ್ ಕಂಪನಿಗಳ ಜಾಗ. ರಿಸೀವರ್ ಹುಡುಕಿ ತಂದರೂ ಆ ಸೆನ್ಸರನ್ನು ಇಲ್ಲಿ ಬಳಸುವುದು ನಿಯಮಕ್ಕೆ ವಿರುದ್ಧ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು ಮನೆಯೊಳಗಿನ ಕಡಿಮೆ ಪವರ್‌ನ ಸಾಮಾನಿಗೆ 433ರಿಂದ 434, ಆಮೇಲೆ 865ರಿಂದ 868, ಮತ್ತೆ ವೈಫೈ ಓಡಾಡುವ 2.4 ಗಿಗಾಹರ್ಟ್ಸ್. ಯುರೋಪಿನ ಸಾಮಾನಿನಲ್ಲಿ ಒಂದು ಸಣ್ಣ ಕಿರಿಕ್ ಇದೆ. ಅಲ್ಲಿನ ಝಡ್-ವೇವ್ (ಮನೆಯ ಸಾಮಾನು ಒಂದಕ್ಕೊಂದು ಮಾತಾಡುವ ಒಂದು ವೈರ್‌ಲೆಸ್ ಪದ್ಧತಿ) 868.4ರಲ್ಲಿ ಇರುತ್ತದೆ, ಅಂಥದೇ ಇನ್ನೊಂದು ಪದ್ಧತಿ ಎನ್‌ಓಷನ್ 868.3ರಲ್ಲಿ. ನಮ್ಮ ಗೆರೆ 868ಕ್ಕೆ ಮುಗಿಯಿತು, ಎರಡೂ ಕೂದಲೆಳೆಯಷ್ಟು ಆಚೆ. ಭಾರತದ ಝಡ್-ವೇವ್ 865.2. ಝಡ್-ವೇವ್ ಸ್ಟಿಕ್ (ಕಂಪ್ಯೂಟರಿನ ಯುಎಸ್‌ಬಿಗೆ ಹಾಕುವ ರಿಸೀವರ್) ಕೊಳ್ಳುವುದಾದರೆ ಸ್ಟಿಕ್ಕೂ ಸೆನ್ಸರ್ರೂ ಎರಡೂ ಭಾರತದ್ದೇ ಅಂತ ಕೇಳಿ ತಗೊಳ್ಳಿ.

ಸಿಗ್ನಲ್ ಹೇಗೆ ಕಳಿಸುತ್ತದೆ?

ಎಎಂ ರೇಡಿಯೊದಲ್ಲಿ ಎಫ್‌ಎಂ ಕೇಳಕ್ಕಾಗಲ್ಲ ಅಲ್ವಾ, ಇಲ್ಲೂ ಹಾಗೇ. ಅಗ್ಗದ ಬಾಗಿಲ ಸೆನ್ಸರ್, ರಿಮೋಟ್‌ಗಳು ಸಾಮಾನ್ಯವಾಗಿ ಎಎಸ್‌ಕೆ ಬಗೆಯವು, ಅಂದರೆ ರೇಡಿಯೊ ಅಲೆಯನ್ನು ಆನ್-ಆಫ್ ಮಾಡುತ್ತಾ ಕೋಡ್ ಕಳಿಸುತ್ತವೆ. ಸ್ವಲ್ಪ ಒಳ್ಳೆ ಜಾತಿಯ ಹವಾಮಾನ ಸೆನ್ಸರ್‌ಗಳಲ್ಲಿ ಎಷ್ಟೋ ಎಫ್‌ಎಸ್‌ಕೆ, ಅಲೆ ಆರುವುದಿಲ್ಲ, ಫ್ರೀಕ್ವೆನ್ಸಿ ಆಚೀಚೆ ಸರಿಯುತ್ತದೆ. ಅಂಗಡಿಯ ಅಗ್ಗದ ರಿಸೀವರ್‌ಗೆ ಎಎಸ್‌ಕೆ ಬಿಟ್ಟು ಬೇರೆ ಗೊತ್ತಿಲ್ಲ. ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಸಿಸಿ1101 ಚಿಪ್ಪಿನ ಬೋರ್ಡ್ ತಗೊಳ್ಳಿ, ಎರಡನ್ನೂ ಹಿಡಿಯುತ್ತದೆ. ಆರ್‌ಎಫ್‌ಎಂ69 ಕೂಡ ಆಗುತ್ತದೆ.

ಕಡಿಮೆ ಪವರ್‌ನಲ್ಲೇ ಬಹುದೂರ ಮುಟ್ಟುವ ಲೋರಾ ಇನ್ನೊಂದೇ ಜಾತಿ. ತೋಟದ ಬಾವಿ, ಮಹಡಿ ಮೇಲಿನ ಟ್ಯಾಂಕ್ ಅಂತ ದೂರದ ಕೆಲಸಕ್ಕೆ 865ರ ಲೋರಾ ಒಳ್ಳೆಯದೇ, ಆದರೆ ಅದಕ್ಕೆ ಎಸ್‌ಎಕ್ಸ್1276 ಥರದ ಲೋರಾ ಚಿಪ್ಪೇ ಬೇಕು, ಆರ್‌ಎಫ್‌ಎಂ69ಕ್ಕೆ ಅದು ಅರ್ಥವಾಗುವುದಿಲ್ಲ. ಆರ್‌ಎಫ್‌ಎಂ69, ಆರ್‌ಎಫ್‌ಎಂ95 ಅಕ್ಕಪಕ್ಕ ಇಟ್ಟರೆ ಅವಳಿಗಳ ಹಾಗೆ ಕಾಣುತ್ತವೆ. ಲೋರಾ ಇರುವುದು 95ರಲ್ಲಿ. ಅಂಗಡಿಯವರು ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿಟ್ಟಿದ್ದರೆ ಹೆಸರು ಓದದೆ ದುಡ್ಡು ಕೊಡಬೇಡಿ.

433ರ ರಿಸೀವರ್‌ನಲ್ಲೇ ಎರಡು ತರ

ಟ್ರಾನ್ಸ್‌ಮಿಟರ್ ಜೊತೆ ಜೋಡಿಯಾಗಿ ಚಿಲ್ಲರೆ ಕಾಸಿಗೆ ಸಿಗುವ ಹಸಿರು ಬೋರ್ಡ್ ಒಂದಿದೆ. ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಕಾಯಿಲ್ ಇರುತ್ತದೆ, ಕ್ರಿಸ್ಟಲ್ ಇರುವುದಿಲ್ಲ. ಇದು ಸೂಪರ್ ರಿಜನರೇಟಿವ್. ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಪಕ್ಕದ ರೂಮಿಗೆ ಹೋದರೆ ಸುಮ್ಮನಾಗುತ್ತದೆ. ಬಿಸಿಲು ಏರಿದರೆ ಟ್ಯೂನಿಂಗ್ ಜಾರುವುದೂ ಉಂಟು. ಇನ್ನೊಂದು ಸೂಪರ್ ಹೆಟರೊಡೈನ್, ಬೋರ್ಡ್ ಮೇಲೆ ಹೊಳೆಯುವ ಲೋಹದ ಪುಟ್ಟ ಕ್ರಿಸ್ಟಲ್ ಡಬ್ಬಿ ಕಾಣುತ್ತದೆ. ಆರ್‌ಎಕ್ಸ್‌ಬಿ6 ಈ ಬಗೆಯದು. ಸ್ವಲ್ಪ ಜಾಸ್ತಿ ದುಡ್ಡು, ಆದರೆ ನನ್ನ ಕೇಳಿದರೆ ಮೊದಲನೆಯದನ್ನು ಪುಕ್ಕಟೆ ಕೊಟ್ಟರೂ ಬೇಡ.

ಆಂಟೆನಾ ಕೊಟ್ಟಿಲ್ಲ ಅಂತ ಹಾಗೇ ಬಿಡಬೇಡಿ. 433ಕ್ಕೆ 17.3 ಸೆಂಟಿಮೀಟರ್ ಸಿಂಗಲ್ ವೈರ್ ಬೆಸುಗೆ ಹಾಕಿದರೆ ಆಯ್ತು, 865ಕ್ಕೆ ಅದರ ಅರ್ಧ, ಸುಮಾರು 8.7 ಸೆಂಟಿಮೀಟರ್. ನೇರವಾಗಿ ನಿಲ್ಲಿಸಿ, ಮಡಚಿ ಡಬ್ಬದೊಳಗೆ ತುರುಕಬೇಡಿ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿನ ಡ್ರೈವರ್ ಇವುಗಳಿಂದ ದೂರ ಇಡಿ, ಅವು ಮಾಡುವ ಗಲಾಟೆಯಲ್ಲಿ ಸಣ್ಣ ಸಿಗ್ನಲ್ ಮುಳುಗಿಹೋಗುತ್ತದೆ.

ಜೋಡಿಸುವಾಗ ಇನ್ನೊಂದು. ರಿಸೀವರ್‌ಗೆ 5 ವೋಲ್ಟ್ ಕೊಟ್ಟರೆ ಡೇಟಾ ಪಿನ್ನಿನಲ್ಲೂ 5 ವೋಲ್ಟ್ ಬರುತ್ತದೆ. ಇಎಸ್‌ಪಿ8266, ಇಎಸ್‌ಪಿ32 ಅನ್ನುವ ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್‌ಗಳದ್ದು 3.3 ವೋಲ್ಟ್ ಲೆಕ್ಕ. ನಡುವೆ 10 ಕಿಲೊಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಇಎಸ್‌ಪಿ ಪಿನ್ನಿನಿಂದ ಗ್ರೌಂಡಿಗೆ 20 ಕಿಲೊಓಮ್ ಹಾಕಿ, 3.3ಕ್ಕೆ ಇಳಿಯುತ್ತದೆ.

ಕೋಡ್ ಅರ್ಥವಾಗುತ್ತದೆಯೇ?

ಸೆನ್ಸರ್ ಬಿಚ್ಚಿ ಒಳಗಿನ ಚಿಪ್ಪಿನ ಹೆಸರು ಓದಿ. ಇವಿ1527 ಅಂತಿದ್ದರೆ ಅದೃಷ್ಟ, ಕೋಡ್ 24 ಬಿಟ್, ಅದರಲ್ಲಿ 20 ಆ ಸೆನ್ಸರಿನ ಸ್ವಂತ ನಂಬರ್, ಉಳಿದ 4 ಬಾಗಿಲು ತೆರೆಯಿತು, ಬ್ಯಾಟರಿ ಮುಗಿಯಿತು ಅಂತ ಹೇಳಲಿಕ್ಕೆ. ಆರ್ಡುಯಿನೊದ (ಇಂಥ ಬೋರ್ಡ್‌ಗಳಿಗೆ ಪ್ರೋಗ್ರಾಂ ಬರೆಯುವ ಸಲಕರಣೆ) ಆರ್‌ಸಿ ಸ್ವಿಚ್ ಲೈಬ್ರರಿ ಇದನ್ನು ಸಲೀಸಾಗಿ ಓದುತ್ತದೆ, ಪಿಟಿ2262 ಕೂಡ. ಎಚ್‌ಸಿಎಸ್301 ಕಂಡರೆ ಅದು ರೋಲಿಂಗ್ ಕೋಡ್, ಒತ್ತಿದಾಗಲೆಲ್ಲ ಕೋಡ್ ಬದಲಾಗುತ್ತದೆ. ಗೇಟ್ ಮೋಟಾರ್ ರಿಮೋಟ್‌ಗಳಲ್ಲಿ ಇದು ಸಾಮಾನ್ಯ. ನಿಮ್ಮ ರಿಸೀವರ್ ಸಿಗ್ನಲ್ ಹಿಡಿದರೂ ಪೂರ್ತಿ ಬಿಡಿಸಲಾಗದು, ಅದೇ ಕಂಪನಿಯ ರಿಸೀವರ್ರೇ ಗತಿ. ಇವಿ1527ಕ್ಕೆ ಇಂಥ ಗುಟ್ಟೇನೂ ಇಲ್ಲ, ಬೀದಿಯಲ್ಲಿ ನಿಂತವರೂ ಹಿಡಿದು ಮತ್ತೆ ಕಳಿಸಬಹುದು, ಹಾಗಾಗಿ ಬೀಗ ತೆಗೆಯುವ ಕೆಲಸಕ್ಕೆ ಅದನ್ನು ಕಟ್ಟಬೇಡಿ. ಕೆಲವು ಬಾಗಿಲ ಸೆನ್ಸರ್‌ಗಳು ತೆರೆದಾಗ ಮಾತ್ರ ಹೇಳುತ್ತವೆ, ಮುಚ್ಚಿದಾಗ ಹೇಳುವುದಿಲ್ಲ. ಅದಕ್ಕೆ ಯಾವ ರಿಸೀವರ್ ತಂದರೂ ಮದ್ದಿಲ್ಲ.

ಬಿಚ್ಚುವ ಧೈರ್ಯ ಇಲ್ಲದವರಿಗೆ ಒಂದು ದಾರಿ ಇದೆ. ಕಂಪ್ಯೂಟರಿಗೆ ಚುಚ್ಚಿ ರೇಡಿಯೊ ಸಿಗ್ನಲ್ ಹಿಡಿಯುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತಂದು, ಆರ್‌ಟಿಎಲ್ 433 ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿ, ಬಾಗಿಲು ತೆಗೆಯಿರಿ. ಗುರುತು ಸಿಕ್ಕರೆ ಸೆನ್ಸರಿನ ಬಗೆ, ನಂಬರ್ ಪರದೆ ಮೇಲೆ ಬರುತ್ತದೆ. ಸಾಮಾನ್ಯ ಸೆನ್ಸರ್‌ಗಳಲ್ಲಿ ಬಹುಪಾಲು ಅದಕ್ಕೆ ಗೊತ್ತು. ಪಕ್ಕದ ಮನೆಯವರ ಸೆನ್ಸರ್ರೂ ಬಂದರೆ ಗಾಬರಿಯಾಗಬೇಡಿ! ನಿಜ ಹೇಳಬೇಕೆಂದರೆ 433ರ ಸೆನ್ಸರ್‌ಗಳಿಗೆ ಆ ಡಾಂಗಲ್ಲನ್ನೇ ಖಾಯಂ ರಿಸೀವರ್ ಮಾಡಿಕೊಂಡವರೂ ಇದ್ದಾರೆ. ಕಂಪ್ಯೂಟರ್ ಸದಾ ಆನ್ ಇರಬೇಕು, ಅಷ್ಟೇ.

ಜಿಗ್‌ಬೀ ಆದರೆ

ಜಿಗ್‌ಬೀ ಅನ್ನುವುದು 2.4 ಗಿಗಾಹರ್ಟ್ಸ್‌ನಲ್ಲಿ ಓಡುವ ಮನೆ ಸೆನ್ಸರ್‌ಗಳ ಜಾಲ. ಮೇಲೆ ಹೇಳಿದ ಡಾಂಗಲ್ ಅಲ್ಲಿಗೆ ಮುಟ್ಟುವುದಿಲ್ಲ, ಜಿಗ್‌ಬೀಗೆ ಬೇರೆ ಯುಎಸ್‌ಬಿ ಸ್ಟಿಕ್ ಬೇಕು. ಅಗ್ಗ ಅಂತ ಹಳೆಯ ಸಿಸಿ2531 ತಗೊಂಡರೆ ಸೆನ್ಸರ್ ಹೆಚ್ಚಾದ ಹಾಗೆ ಉಸಿರು ಕಟ್ಟುತ್ತದೆ. ಸಿಸಿ2652ಪಿ ಅಥವಾ ಇಎಫ್‌ಆರ್32ಎಂಜಿ21 ಚಿಪ್ಪಿನದು ನೋಡಿ. ಥ್ರೆಡ್ (ಮನೆ ಸೆನ್ಸರ್‌ಗಳ ಇನ್ನೊಂದು ಜಾಲ) ಅಂತ ಬರೆದ ಸೆನ್ಸರ್ ಇದೇ ಬಗೆಯ ರೇಡಿಯೊ ಬಳಸಿದರೂ ಜಿಗ್‌ಬೀ ಜಾಲಕ್ಕೆ ಸೇರುವುದಿಲ್ಲ.

ಸ್ಟಿಕ್ಕನ್ನು ನೇರವಾಗಿ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಬೇಡಿ, ಆ ಪೋರ್ಟೇ 2.4ರಲ್ಲಿ ಗದ್ದಲ ಎಬ್ಬಿಸುತ್ತದೆ. ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಒಂದು ಮೀಟರ್ ದೂರ ತನ್ನಿ. ಜಿಗ್‌ಬೀ ಚಾನೆಲ್ 25 ಇಟ್ಟರೆ ವೈಫೈನ 11ನೇ ಚಾನೆಲ್‌ಗೂ ಸಿಕ್ಕುವುದಿಲ್ಲ. ಆರ್‌ಸಿಸಿ ತಾರಸಿ ದಾಟಬೇಕಾದಲ್ಲಿ ನಡುವೆ ಒಂದು ಜಿಗ್‌ಬೀ ಪ್ಲಗ್ ಹಾಕಿ, ಅದು ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುತ್ತದೆ. ಬ್ಯಾಟರಿ ಸೆನ್ಸರ್‌ಗಳು ಆ ಕೆಲಸ ಮಾಡುವುದಿಲ್ಲ. ಪ್ಲಗ್ಗನ್ನು ಮಾತ್ರ ಇನ್ವರ್ಟರ್ ಲೈನಿನ ಸಾಕೆಟ್‌ಗೇ ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದಾಗೆಲ್ಲ ಮಹಡಿ ಮೇಲಿನ ಸೆನ್ಸರ್‌ಗಳೂ ಕಾಣೆಯಾಗುತ್ತವೆ.